ಬೈಕ್ ಮಿಸ್ಸಿಂಗ್ ಹೊಡೆದಾಗ: ಸಾಮಾನು ಬದಲಿಸುವ ಮುನ್ನ ಕಾರಣ ಹುಡುಕುವ ಕ್ರಮ



ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದೇ ದೂರು: "ಬೈಕ್ ಮಿಸ್ಸಿಂಗ್ ಹೊಡೀತಾ ಇದೆ." ತೋಟದ ಮನೆಗಳು ಡಾಂಬರು ರಸ್ತೆಯಿಂದ ದೂರ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತರುವುದಕ್ಕೂ ಬೈಕು, ಕೊನೆಗಾರನನ್ನು ಕರೆತರುವುದಕ್ಕೂ ಬೈಕು. ರಾತ್ರಿ ಹೊತ್ತಿನಲ್ಲಿ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ಎಷ್ಟೋ ಮನೆಗಳಲ್ಲಿ ಬೈಕೇ ಗತಿ. ಅಂಥ ಹೊತ್ತಿನಲ್ಲಿ ಏರಿನ ನಡುವೆ ಎಂಜಿನ್ ಕೈಕೊಟ್ಟರೆ ಆಗುವ ನಷ್ಟವನ್ನು ಹಣದಲ್ಲಿ ಲೆಕ್ಕ ಹಾಕಲಾಗದು.

ಇನ್ನೊಂದು ನಷ್ಟವಿದೆ. ಅದನ್ನು ಮಾತ್ರ ಹಣದಲ್ಲೇ ಲೆಕ್ಕ ಹಾಕಬಹುದು. ಮಿಸ್ಸಿಂಗ್ ಎಂದೊಡನೆ ಮೊದಲು ಪ್ಲಗ್ ಬದಲಾಯಿಸುತ್ತೇವೆ. ಹೋಗದಿದ್ದರೆ ಕಾರ್ಬೊರೇಟರ್ ತೊಳೆಸುತ್ತೇವೆ. ಆಗಲೂ ಹೋಗದಿದ್ದರೆ ಕಾಯಿಲ್, ಆಮೇಲೆ ಸಿ.ಡಿ.ಐ. ಪೆಟ್ಟಿಗೆ. ಕೊನೆಗೆ ಯಾವುದೋ ಒಂದು ಸಾಮಾನು ಹಾಕಿದಾಗ ಬೈಕ್ ಸರಿಯಾಗುತ್ತದೆ. ಆದರೆ ಯಾವುದರಿಂದ ಸರಿಯಾಯಿತೆಂದು ಮೆಕ್ಯಾನಿಕ್ಕಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಹೀಗೆ ಮಾಡುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರುಹುಳು ಬಿದ್ದಿದೆಯೇ, ಗೊಬ್ಬರ ಸಾಲದೇ, ಅಥವಾ ಹಳದಿ ಎಲೆ ರೋಗವೇ ಎಂದು ಕೆದಕಿ ನೋಡಿ, ಆಮೇಲೆ ಮದ್ದು ಮಾಡುತ್ತೇವೆ. ಎಂಜಿನ್ನಿಗೂ ಅದೇ ಕ್ರಮ ಸಲ್ಲುತ್ತದೆ. ಮಿಸ್ಸಿಂಗ್ ಎಂಬುದು ರೋಗವಲ್ಲ, ಲಕ್ಷಣ. ಅದರ ಹಿಂದಿನ ಕಾರಣವನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ಈ ಪಾಠದಲ್ಲಿ ನೋಡೋಣ. ನಮ್ಮಲ್ಲಿ ಹೆಚ್ಚಾಗಿರುವ 100 ಸಿ.ಸಿ. ಆಸುಪಾಸಿನ, ಒಂದೇ ಸಿಲಿಂಡರಿನ, ಕಾರ್ಬೊರೇಟರ್ ಇರುವ ಫೋರ್ ಸ್ಟ್ರೋಕ್ ಬೈಕನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇವೆ. ಹೊಸ ಮಾದರಿಯ ಬೈಕುಗಳ ವಿಚಾರವನ್ನೂ ತೋಟದ ಟೂ ಸ್ಟ್ರೋಕ್ ಯಂತ್ರಗಳ ವಿಚಾರವನ್ನೂ ಕೊನೆಯಲ್ಲಿ ಹೇಳಿದೆ.

ಮಿಸ್ಸಿಂಗ್ ಎಂದರೇನು?

ಫೋರ್ ಸ್ಟ್ರೋಕ್ ಎಂಜಿನ್ನಿನ ಕೆಲಸ ನಾಲ್ಕು ಹಂತದ್ದು. ಪೆಟ್ರೋಲ್ ಬೆರೆತ ಗಾಳಿಯನ್ನು ಹೀರುವುದು, ಅದನ್ನು ಒತ್ತುವುದು, ಕಿಡಿ ಹಾರಿಸಿ ಉರಿಸಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದು, ಹೊಗೆಯನ್ನು ಹೊರಹಾಕುವುದು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಂದು ಸಲ ಉರಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ನಿಮಿಷಕ್ಕೆ 1500 ಸಲ, ಅಂದರೆ ಸೆಕೆಂಡಿಗೆ 25 ಸಲ ಉರಿಯಬೇಕು. ಇದರಲ್ಲಿ ಕೆಲವು ಉರಿಯದೆ ತಪ್ಪಿಹೋದರೆ, ಅಥವಾ ಅರೆಬರೆ ಉರಿದರೆ, ಅದೇ ಮಿಸ್ಸಿಂಗ್. ಬೇರೆ ಸಿಲಿಂಡರ್ ಇಲ್ಲದ್ದರಿಂದ ತಪ್ಪಿದ ಪೆಟ್ಟನ್ನು ತುಂಬಿಕೊಡುವವರಿಲ್ಲ. ಹಾಗಾಗಿ ಬೈಕ್ ಜಗ್ಗುತ್ತದೆ.

ಉರಿಯದ ಪೆಟ್ರೋಲ್ ಸುಮ್ಮನಿರುವುದಿಲ್ಲ. ಒಂದು ಪಾಲು ಸಿಲಿಂಡರಿನ ಗೋಡೆಯ ಮೇಲಿನ ಆಯಿಲನ್ನು ತೊಳೆದು ರಿಂಗುಗಳ ಸವೆತಕ್ಕೆ ದಾರಿ ಮಾಡುತ್ತದೆ. ಇನ್ನೊಂದು ಪಾಲು ಸೈಲೆನ್ಸರಿಗೆ ಹೋಗಿ ಅಲ್ಲಿ 'ಫಟ್' ಎಂದು ಹೊತ್ತಿಕೊಳ್ಳುತ್ತದೆ. ಈಚಿನ ಬೈಕುಗಳ ಸೈಲೆನ್ಸರಿನೊಳಗೆ ಹೊಗೆಯನ್ನು ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ. ಉರಿಯದ ಪೆಟ್ರೋಲ್ ಅದರೊಳಗೆ ಉರಿದರೆ ಅದು ಅತಿಯಾಗಿ ಕಾದು ಹಾಳಾಗುತ್ತದೆ. ಆದ್ದರಿಂದ "ಹೇಗೋ ಓಡುತ್ತದಲ್ಲ" ಎಂದು ತಿಂಗಳುಗಟ್ಟಲೆ ಓಡಿಸುವುದು ಸಣ್ಣ ಖರ್ಚನ್ನು ದೊಡ್ಡದು ಮಾಡಿಕೊಂಡಂತೆ.

ಸರಿಯಾಗಿ ಉರಿಯಲು ಬೇಕಾದುವು ಮೂರೇ. ಒಂದು, ಸಕಾಲದಲ್ಲಿ ಬಲವಾದ ಕಿಡಿ. ಎರಡು, ಹದವಾದ ಮಿಶ್ರಣ. ಶುದ್ಧ ಪೆಟ್ರೋಲಿಗೆ ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್. ಮೂರು, ಸಿಲಿಂಡರಿನೊಳಗೆ ಸೋರದ ಒತ್ತಡ. ಮಿಸ್ಸಿಂಗಿಗೆ ಎಷ್ಟೇ ಕಾರಣಗಳಿದ್ದರೂ ಎಲ್ಲವೂ ಕಿಡಿ, ಮಿಶ್ರಣ, ಒತ್ತಡ ಎಂಬ ಈ ಮೂರರಲ್ಲಿ ಒಂದರೊಳಗೆ ಬಂದೇ ಬರುತ್ತವೆ. ಯಾವ ಗುಂಪು ಎಂದು ಮೊದಲು ತೀರ್ಮಾನಿಸಬೇಕು. ಯಾವ ಸಾಮಾನು ಎಂಬುದು ಆಮೇಲಿನ ಮಾತು.

ಮೊದಲ ಪ್ರಶ್ನೆ: ಯಾವಾಗ?

ಸ್ಪ್ಯಾನರ್ ಹಿಡಿಯುವ ಮುನ್ನ ಒಂದು ಚೀಟಿಯ ಮೇಲೆ ಬರೆದುಕೊಳ್ಳಬೇಕಾದ ವಿಷಯವಿದು. ಮಿಸ್ಸಿಂಗ್ ಯಾವಾಗ ಬರುತ್ತದೆ?

ಅ) ನಿಂತಲ್ಲಿ, ಐಡ್ಲಿಂಗಿನಲ್ಲಿ ಮಾತ್ರ ಬರುತ್ತಿದ್ದರೆ: ಕಾರ್ಬೊರೇಟರಿನ ಸಣ್ಣ ಜೆಟ್ ಕಟ್ಟಿರಬಹುದು, ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಜೋಡಣೆಯಲ್ಲಿ ಗಾಳಿ ಸೋರುತ್ತಿರಬಹುದು, ಅಥವಾ ಟ್ಯಾಪೆಟ್ ಬಿಗಿಯಾಗಿರಬಹುದು.

ಆ) ಏರಿನಲ್ಲಿ, ಭಾರ ಹೊತ್ತಾಗ ಮಾತ್ರ ಬರುತ್ತಿದ್ದರೆ: ಕಿಡಿ ದುರ್ಬಲ, ಇಲ್ಲವೇ ಬೇಕಾದಷ್ಟು ಪೆಟ್ರೋಲ್ ಇಳಿಯುತ್ತಿಲ್ಲ.

ಇ) ನಾಲ್ಕೈದು ಕಿಲೊಮೀಟರ್ ಓಡಿದ ಮೇಲೆ ಬಂದು, ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತಿದ್ದರೆ: ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದೆ, ಅಥವಾ ಬಿಸಿಯಾದಾಗ ಕೈಕೊಡುವ ಕಾಯಿಲ್ ಇದೆ.

ಈ) ಮಳೆಯಲ್ಲಿ, ಮಂಜಿನಲ್ಲಿ, ತೊಳೆದ ಮರುದಿನ ಮಾತ್ರ ಬರುತ್ತಿದ್ದರೆ: ಪ್ಲಗ್ ಕ್ಯಾಪ್, ಅದರ ವೈರು, ಇಲ್ಲವೇ ಯಾವುದೋ ಕನೆಕ್ಟರಿನೊಳಗೆ ಹೊಕ್ಕ ನೀರು.

ಉ) ಹ್ಯಾಂಡಲ್ ತಿರುಗಿಸಿದಾಗ, ಗುಂಡಿಗೆ ಬಿದ್ದಾಗ ಬರುತ್ತಿದ್ದರೆ: ಚರ್ಮ ಸವೆದ ವೈರು ಅಥವಾ ಸಡಿಲ ಸಂಪರ್ಕ.

ಎರಡನೆಯ ಪ್ರಶ್ನೆ, ಹೇಗೆ? ಕಿಡಿ ತಪ್ಪುವುದು ಸ್ವಿಚ್ ಆರಿಸಿ ಹಾಕಿದಂತೆ, ಥಟ್ಟನೆ. ಪೆಟ್ರೋಲ್ ಸಾಲದಾಗುವುದು ದೀಪಕ್ಕೆ ಎಣ್ಣೆ ತೀರಿದಂತೆ. ಮೊದಲು ಮಂಕಾಗುತ್ತದೆ, ಎಳೆತ ಕಡಿಮೆಯಾಗುತ್ತದೆ, ಆಮೇಲೆ ಜಗ್ಗುತ್ತದೆ. ಇದು ನೂರಕ್ಕೆ ನೂರು ನಿಜವಲ್ಲದಿದ್ದರೂ ಮೊದಲ ದಿಕ್ಕನ್ನು ತೋರಿಸುತ್ತದೆ.

ಸ್ಪ್ಯಾನರ್ ಇಲ್ಲದೆ ಮಾಡುವ ಪರೀಕ್ಷೆಗಳು

ಚೋಕ್ ಪರೀಕ್ಷೆ: ಎಂಜಿನ್ ಬಿಸಿಯಾಗಿ ಮಿಸ್ಸಿಂಗ್ ಬರುತ್ತಿರುವಾಗ ಚೋಕನ್ನು ಅರ್ಧ ಎಳೆಯಿರಿ. ಚೋಕ್ ಗಾಳಿಯನ್ನು ತಡೆದು ಮಿಶ್ರಣವನ್ನು ಗಟ್ಟಿ ಮಾಡುತ್ತದೆ. ಎಳೆದಾಗ ಬೈಕ್ ಸುಧಾರಿಸಿದರೆ ಮಿಶ್ರಣ ತೆಳುವಾಗಿತ್ತೆಂದು ಅರ್ಥ. ಅಂದರೆ ಪೆಟ್ರೋಲ್ ಸಾಲದು, ಇಲ್ಲವೇ ಎಲ್ಲಿಂದಲೋ ಹೆಚ್ಚುವರಿ ಗಾಳಿ ಸೇರುತ್ತಿದೆ. ಇನ್ನಷ್ಟು ಹದಗೆಟ್ಟರೆ ಮಿಶ್ರಣ ಆಗಲೇ ಗಟ್ಟಿಯಾಗಿದೆ, ಅಥವಾ ತೊಂದರೆ ಕಿಡಿಯ ಕಡೆಯದು. ಒಂದು ಪೈಸೆ ಖರ್ಚಿಲ್ಲದೆ ಕಾರಣಗಳ ಅರ್ಧ ಪಟ್ಟಿಯನ್ನು ಅಳಿಸಿಹಾಕುವ ಪರೀಕ್ಷೆ ಇದು.

ಮುಚ್ಚಳದ ಪರೀಕ್ಷೆ: ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಮೇಲಿನಿಂದ ಗಾಳಿ ಒಳಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ಬೇಸಿಗೆಯ ಧೂಳು, ಮಳೆಯ ಕೆಸರು ಸೇರಿ ಅದು ಕಟ್ಟಿದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯದು. ಬೈಕ್ ನಿಂತೊಡನೆ ಮುಚ್ಚಳ ತೆರೆಯಿರಿ. 'ಸ್ಸ್' ಎಂದು ಗಾಳಿ ಒಳಹೊಕ್ಕು, ಮುಚ್ಚಿದ ಕೂಡಲೇ ಬೈಕ್ ಶುರುವಾಗಿ ಮತ್ತೆ ಅಷ್ಟೇ ದೂರ ಓಡಿ ನಿಂತರೆ ಕಾರಣ ಸಿಕ್ಕಿತು. ಮೇಲೆ 'ಇ' ಎಂದು ಬರೆದ ಲಕ್ಷಣಕ್ಕೆ ಎರಡು ಕಾರಣಗಳಿದ್ದುವಷ್ಟೇ. ಸುಮ್ಮನೆ ಕಾದು ಕುಳಿತರೆ ಎರಡರಲ್ಲೂ ಬೈಕ್ ಶುರುವಾಗುತ್ತದೆ, ಏನೂ ತಿಳಿಯುವುದಿಲ್ಲ. ನಿಂತ ಕೂಡಲೇ ಮುಚ್ಚಳ ತೆರೆದರೆ ಮಾತ್ರ ಎರಡೂ ಬೇರೆ ಬೇರೆಯಾಗುತ್ತವೆ.

ಹ್ಯಾಂಡಲ್ ಪರೀಕ್ಷೆ: ಐಡ್ಲಿಂಗಿನಲ್ಲಿಟ್ಟು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಂಜಿನ್ ತಪ್ಪಿದರೆ ಹೆಡ್‌ಲೈಟಿನ ಹಿಂದಿನ ವೈರುಗಳನ್ನು ನೋಡಿ. ಹಳೆಯ ಬಗೆಯ ಅನೇಕ ಬೈಕುಗಳಲ್ಲಿ ಎಂಜಿನ್ ಆರಿಸುವ ವೈರು ಚಾಸಿಗೆ ತಾಗಿದರೆ ಕಿಡಿ ನಿಲ್ಲುವ ಏರ್ಪಾಡಿದೆ. ಆ ವೈರಿನ ಹೊದಿಕೆ ಸವೆದು ಫ್ರೇಮಿಗೆ ತಗುಲಿದಾಗಲೆಲ್ಲ ಮಿಸ್ಸಿಂಗ್. ನಮ್ಮ ಶೆಡ್ಡುಗಳಲ್ಲಿ ಇಲಿ ಕಡಿದ ವೈರೂ ಅಪರೂಪವಲ್ಲ.

ಕತ್ತಲೆಯ ಪರೀಕ್ಷೆ: ರಾತ್ರಿ, ಬೆಳಕಿಲ್ಲದ ಬಯಲಿನಲ್ಲಿ, ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲವೆಂದು ನೋಡಿಕೊಂಡು ಎಂಜಿನ್ ಓಡಿಸಿ. ಪ್ಲಗ್ ಕ್ಯಾಪ್ ಮತ್ತು ಅದರ ದಪ್ಪ ವೈರಿನ ಮೇಲೆ ಸಣ್ಣ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಕಿ. ನೀಲಿ ಮಿಣುಕು ಕಂಡರೆ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಅಲ್ಲೇ ಸೋರುತ್ತಿದೆ. ಕೈಯಿಂದ ಮುಟ್ಟಬಾರದು. ಅಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ.

ಕಿಡಿಯ ಪರೀಕ್ಷೆ

ಪ್ಲಗ್ ಬಿಚ್ಚುವ ಮುನ್ನ ಸುತ್ತಲಿನ ಮಣ್ಣನ್ನು ಊದಿ ತೆಗೆಯಿರಿ. ಒಂದು ಹರಳು ಒಳಗೆ ಬಿದ್ದರೆ ಸಿಲಿಂಡರ್ ಕೆಡುತ್ತದೆ. ಪ್ಲಗ್ಗಿನ ಬಣ್ಣ ಓದಬೇಕಾದರೆ ಸ್ವಲ್ಪ ದೂರ ಭಾರದಲ್ಲಿ ಓಡಿಸಿ, ಐಡ್ಲಿಂಗಿಗೆ ಬಿಡದೆ ಆರಿಸಿ, ಆಮೇಲೆ ಬಿಚ್ಚಬೇಕು. ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿಯಿದ್ದರೆ ಮಿಶ್ರಣ ಗಟ್ಟಿ, ಅಥವಾ ಕಿಡಿ ದುರ್ಬಲ. ಜಿಡ್ಡು ಕಪ್ಪಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಸುಣ್ಣದಂತೆ ಬಿಳಿಚಿದ್ದರೆ ಮಿಶ್ರಣ ತೆಳು, ಎಂಜಿನ್ ಅತಿಯಾಗಿ ಕಾಯುತ್ತಿದೆ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿಯೇ ಬರುತ್ತಿಲ್ಲದಿರಬಹುದು.

ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿಟ್ಟು ಕಿಕ್ ಹೊಡೆಯಿರಿ. ಪ್ಲಗ್ಗಿನ ಕುಳಿಯಿಂದ ಪೆಟ್ರೋಲ್ ಆವಿ ಬರುತ್ತದೆ. ಆದ್ದರಿಂದ ಕುಳಿಯನ್ನು ಬಟ್ಟೆಯಿಂದ ಮುಚ್ಚಿ, ಪ್ಲಗ್ಗನ್ನು ಅದರಿಂದ ದೂರವಿಡಿ. ಪ್ಲಗ್ ಎಂಜಿನ್ನಿಗೆ ತಾಗದೆ ಕಿಕ್ ಹೊಡೆಯಬಾರದು. ಹೋಗಲು ದಾರಿಯಿಲ್ಲದ ವಿದ್ಯುತ್ತು ಕಾಯಿಲನ್ನೂ ಸಿ.ಡಿ.ಐ.ಯನ್ನೂ ಸುಡಬಹುದು.

ಇಲ್ಲಿ ಬಹಳ ಮಂದಿ ಮೋಸಹೋಗುವ ಒಂದು ಸಂಗತಿಯಿದೆ. "ಕಿಡಿ ಬರುತ್ತಿದೆ, ಹಾಗಾದರೆ ಕಿಡಿಯದು ತೊಂದರೆಯಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನೊಳಗೆ ಒತ್ತಿದ ಗಾಳಿಯಲ್ಲಿ ಅದೇ ಸಂದಿಯನ್ನು ದಾಟಬೇಕಾದರೆ ಕೆಲವು ಪಟ್ಟು ಹೆಚ್ಚು ವೋಲ್ಟೇಜ್ ಬೇಕು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಒಳಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ, ಬೇಕಾದ ವೋಲ್ಟೇಜೂ ಏರುತ್ತದೆ. ದುರ್ಬಲ ಕಾಯಿಲ್ ಅಥವಾ ಸೋರುವ ಕ್ಯಾಪ್ ಸಮತಟ್ಟಿನಲ್ಲಿ ನಿಭಾಯಿಸಿ ಏರಿನಲ್ಲಿ ಸೋಲುವುದು ಈ ಕಾರಣದಿಂದ. ಪ್ಲಗ್ಗಿನ ಸಂದಿ ಸವೆದು ಅಗಲವಾದರೂ ಇದೇ ಫಲ. ಬಹುತೇಕ ಸಣ್ಣ ಬೈಕುಗಳಿಗೆ ಸಂದಿ 0.6ರಿಂದ 0.9 ಮಿ.ಮೀ. ಒಳಗಿರುತ್ತದೆ. ನಿಮ್ಮ ಬೈಕಿನ ಸರಿಯಾದ ಅಳತೆ ಅದರ ಪುಸ್ತಕದಲ್ಲಿದೆ. ಫೀಲರ್ ಗೇಜಿನಿಂದ ನೋಡಿ, ಕಣ್ಣಳತೆ ಸಾಲದು.

ಪ್ಲಗ್ ಕ್ಯಾಪಿನೊಳಗೆ ಸಾಮಾನ್ಯವಾಗಿ ಸುಮಾರು 5 ಕಿಲೊ ಓಮಿನ ಒಂದು ರೆಸಿಸ್ಟರ್ ಇರುತ್ತದೆ. ಎಲೆಕ್ಟ್ರಿಷಿಯನ್ನರ ಮೀಟರಿನಿಂದ ಅಳೆದಾಗ ಅಳತೆ ಬಹಳ ಹೆಚ್ಚಿದ್ದರೆ, ಅಥವಾ ಅಲುಗಿಸಿದಾಗ ಮುಳ್ಳು ಕುಣಿದರೆ, ಕ್ಯಾಪ್ ಹೋಗಿದೆ. ವೈರಿನ ತುದಿ ಹಸಿರು ಹಿಡಿದಿದ್ದರೆ, ವೈರಿಗೆ ಉದ್ದವಿದ್ದಲ್ಲಿ ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ ಹೊಸ ಕ್ಯಾಪನ್ನು ತಿರುಗಿಸಿ ಕೂರಿಸಬಹುದು.

ಬಿಸಿಯಾದಾಗ ಮಾತ್ರ ಕಿಡಿ ಮಾಯವಾಗಿ, ತಣಿದಾಗ ಮರಳುತ್ತಿದ್ದರೆ ಮ್ಯಾಗ್ನೆಟ್ಟಿನ ಬಳಿಯಿರುವ ಪಲ್ಸರ್ ಕಾಯಿಲ್, ಸ್ಟೇಟರ್ ಕಾಯಿಲ್ ಅಥವಾ ಮೇಲಿನ ಇಗ್ನಿಷನ್ ಕಾಯಿಲನ್ನು ಅನುಮಾನಿಸಬೇಕು. ತಂತಿ ಬಿಸಿಗೆ ಹಿಗ್ಗಿ ಒಳಗೇ ಬಿಟ್ಟುಕೊಳ್ಳುತ್ತದೆ. ಇದನ್ನು ಬಿಸಿಯಲ್ಲೇ ಅಳೆಯಬೇಕು. ತಣ್ಣಗಿರುವಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮಿಶ್ರಣ: ಪೆಟ್ರೋಲ್, ನೀರು, ಗಾಳಿ

ಮೊದಲು ಪೆಟ್ರೋಲ್ ಇಳಿಯುವ ಬಗೆ ನೋಡಿ. ಎಂಜಿನ್ ತಣ್ಣಗಿರುವಾಗ, ಬೀಡಿ, ಸಿಗರೇಟು, ದೀಪ ಹತ್ತಿರ ಸುಳಿಯದಂತೆ ನೋಡಿಕೊಂಡು, ಕಾರ್ಬೊರೇಟರಿಗೆ ಬರುವ ಕೊಳವೆ ಬಿಚ್ಚಿ ಗಾಜಿನ ಬಾಟಲಿಗೆ ಬಿಡಿ. ಕಾಕ್ ತೆರೆದಾಗ ಒಂದೇ ಸಮನೆ ಹರಿಯಬೇಕು. ಮೊದಲು ಹರಿದು ಆಮೇಲೆ ಹನಿಯಾದರೆ ಮುಚ್ಚಳದ ರಂಧ್ರವನ್ನೂ ಕಾಕಿನೊಳಗಿನ ಜಾಲರಿಯನ್ನೂ ನೋಡಿ. ಕಾಕ್ ಬದಲಿಗೆ ನಿರ್ವಾತದಿಂದ ತೆರೆಯುವ ವಾಲ್ವ್ ಇರುವ ಮಾದರಿಗಳಲ್ಲಿ ಎಂಜಿನ್ ತಿರುಗಿದಾಗ ಮಾತ್ರ ಪೆಟ್ರೋಲ್ ಬರುತ್ತದೆ ಎಂಬುದು ನೆನಪಿರಲಿ.

ಆಮೇಲೆ ಕಾರ್ಬೊರೇಟರಿನ ತಳದ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವುದನ್ನು ಇನ್ನೊಂದು ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಅಥವಾ ಗುಂಡುಗುಂಡಾದ ಹನಿ ಕಂಡರೆ ಅದು ನೀರು.

ಈ ನೀರಿನ ಮಾತನ್ನು ಇಂದು ಹಿಂದಿಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಇ-20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದಾದ್ಯಂತ ಹರಡಿತು. ಎಥೆನಾಲ್ ನೀರನ್ನು ಹೀರುವ ವಸ್ತು. ಸ್ವಲ್ಪ ನೀರು ಸೇರಿದರೆ ಅದನ್ನು ತನ್ನೊಳಗೆ ಕರಗಿಸಿಕೊಂಡು ಎಂಜಿನ್ನಿಗೆ ಸಾಗಿಸಿಬಿಡುತ್ತದೆ, ತೊಂದರೆಯಿಲ್ಲ. ಮಿತಿ ಮೀರಿದಾಗ ಮಾತ್ರ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾಕ್ ಇರುವುದೂ ತಳದಲ್ಲೇ. ಆ ಪದರ ಕಾರ್ಬೊರೇಟರಿಗೆ ಇಳಿದರೆ ಬೈಕ್ ಮಿಸ್ಸಿಂಗ್ ಹೊಡೆಯುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಅರ್ಧ ಟ್ಯಾಂಕಿನ ಬೈಕನ್ನು ಜೂನ್, ಜುಲೈ ತಿಂಗಳುಗಳಲ್ಲಿ ಕೊಟ್ಟಿಗೆಯ ಪಕ್ಕ ನೆನೆಯಲು ಬಿಟ್ಟರೆ ಮುಚ್ಚಳದ ಹಳೆಯ ರಬ್ಬರ್ ವಾಷರಿನ ಮೂಲಕ ನೀರು ಇಳಿಯುತ್ತದೆ. ಬದಲಿಸಬೇಕಾದದ್ದು ಆ ವಾಷರು. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ಒಣಗಿಸಿ ಹೊಸ ಪೆಟ್ರೋಲ್ ತುಂಬಬೇಕು. ಮೇಲಿಂದ ಮೇಲೆ ಒಂದು ಲೀಟರ್ ಸುರಿದರೆ ಬೇರ್ಪಟ್ಟದ್ದು ಮತ್ತೆ ಕೂಡುತ್ತದೆಂದು ನೆಚ್ಚುವಂತಿಲ್ಲ.

ಇನ್ನೊಂದು ಸೂಕ್ಷ್ಮ. ಎಥೆನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಹಳೆಯ ಕಾರ್ಬೊರೇಟರಿನ ಅದೇ ಜೆಟ್ಟಿನಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ. ಮೊದಲೇ ಅರೆ ಕಟ್ಟಿದ ಜೆಟ್ ಇದ್ದರೆ ಆ ತುಸುವೇ ಮಿಸ್ಸಿಂಗಿಗೆ ಸಾಕಾಗುತ್ತದೆ. ಹಳೆಯ ರಬ್ಬರ್ ಕೊಳವೆಗಳು ಎಥೆನಾಲಿಗೆ ಮೆತ್ತಗಾಗಿ ಒಳಗೆ ಸಿಪ್ಪೆ ಏಳುವುದೂ ಉಂಟು. ಹಳೆಯ ಬೈಕಿನ ಕೊಳವೆಯನ್ನು ಒಮ್ಮೆ ಬಗ್ಗಿಸಿ ಬಿರುಕು ನೋಡಿ.

ಈಗ ಗಾಳಿ. ಏರ್ ಫಿಲ್ಟರ್ ಕಟ್ಟಿದರೆ ಮಿಶ್ರಣ ಗಟ್ಟಿಯಾಗಿ ಕಪ್ಪು ಹೊಗೆ, ಮಸಿ ಪ್ಲಗ್. ನಮ್ಮದು ಎತ್ತರದ ಪ್ರದೇಶ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಹತ್ತನೆಯ ಒಂದು ಪಾಲು ಇಳಿಯುತ್ತದೆ. ಮಂಗಳೂರಿನಲ್ಲಿ ಹದಗೊಳಿಸಿದ ಕಾರ್ಬೊರೇಟರ್ ಚಾರ್ಮಾಡಿ ಹತ್ತಿ ಬಂದಾಗ ತಾನಾಗಿ ಸ್ವಲ್ಪ ಗಟ್ಟಿ ಮಿಶ್ರಣ ಕೊಡುತ್ತದೆ. ಫಿಲ್ಟರ್ ಶುದ್ಧವಿದ್ದರೆ ಇದರಿಂದ ಮಿಸ್ಸಿಂಗ್ ಬಾರದು. ಕಟ್ಟಿದ್ದರೆ ಎರಡೂ ಸೇರಿ ಬರುತ್ತದೆ. ಹಾಗೆಂದು ಫಿಲ್ಟರ್ ತೆಗೆದೆಸೆದು ಓಡಿಸಬಾರದು. ಧೂಳು ರಿಂಗುಗಳನ್ನು ತಿಂದುಹಾಕುತ್ತದೆ. ಬಹುದಿನ ನಿಂತ ಬೈಕಿನ ಗಾಳಿಕೊಳವೆಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಅದನ್ನೂ ನೋಡಿ.

ಕಾರ್ಬೊರೇಟರನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ಜೋಡಣೆ ಬಿರುಕು ಬಿಟ್ಟರೆ ಅಲ್ಲಿಂದ ಕಳ್ಳಗಾಳಿ ಒಳಸೇರುತ್ತದೆ. ಐಡ್ಲಿಂಗಿನಲ್ಲಿಟ್ಟು ಆ ಜಾಗಕ್ಕೆ ಸೋಪಿನ ನೀರು ಹಚ್ಚಿ. ಎಂಜಿನ್ನಿನ ಸದ್ದು ಬದಲಾದರೆ ಸೋರಿಕೆ ಅಲ್ಲೇ.

ಒತ್ತಡ ಮತ್ತು ಟ್ಯಾಪೆಟ್

ಕಿಡಿ, ಮಿಶ್ರಣ ಎರಡೂ ಸರಿಯಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಇಗ್ನಿಷನ್ ಆರಿಸಿ ಕಿಕ್ಕನ್ನು ಕೈಯಿಂದ ನಿಧಾನ ಒತ್ತಿ ನೋಡಿ. ಒಂದು ಹಂತದಲ್ಲಿ ಗಟ್ಟಿಯಾದ ತಡೆ ಸಿಗಬೇಕು. ತಣ್ಣಗಿರುವಾಗ ತಡೆ ಇದ್ದು ಬಿಸಿಯಾದಾಗ ಸಡಿಲಾದರೆ ಟ್ಯಾಪೆಟ್ ಬಿಗಿಯಾಗಿರುವ ಸಂಭವ ಹೆಚ್ಚು. ವಾಲ್ವ್ ಬಿಸಿಗೆ ಉದ್ದವಾಗುತ್ತದೆ. ಅದಕ್ಕೆಂದೇ ತಣ್ಣನೆಯ ಎಂಜಿನ್ನಿನಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟಿರುತ್ತಾರೆ. ಅನೇಕ 100 ಸಿ.ಸಿ. ಬೈಕುಗಳಲ್ಲಿ ಇದು 0.05ರಿಂದ 0.10 ಮಿ.ಮೀ. ಮಾತ್ರ. ಓಡಿದಂತೆ ವಾಲ್ವ್ ತನ್ನ ಆಸನದಲ್ಲಿ ಸವೆದು ಮೇಲೇರಿ ಈ ಸಂದಿ ಮುಚ್ಚಿಹೋಗುತ್ತದೆ. ಆಗ ವಾಲ್ವ್ ಪೂರ್ತಿ ಕೂರದೆ ಒತ್ತಡ ಸೋರುತ್ತದೆ. ಟಕಟಕ ಎನ್ನುವ ಟ್ಯಾಪೆಟ್ಟಿಗೆ ಎಲ್ಲರೂ ಹೆದರುತ್ತಾರೆ. ಆದರೆ ಸದ್ದಿಲ್ಲದ ಬಿಗಿ ಟ್ಯಾಪೆಟ್ಟೇ ವಾಲ್ವನ್ನು ಸುಡುವುದು. ಎಂಜಿನ್ ಪೂರ್ತಿ ತಣಿದ ಮೇಲೆ, ಒತ್ತಡದ ಹಂತದ ತುದಿಯಲ್ಲಿ ಪಿಸ್ಟನ್ ಇಟ್ಟು ಇದನ್ನು ಅಳೆಯಬೇಕು. ಅಭ್ಯಾಸವಿಲ್ಲದವರು ಮೆಕ್ಯಾನಿಕ್ಕಿಗೇ ಬಿಡುವುದು ಲೇಸು. ಆದರೆ "ಟ್ಯಾಪೆಟ್ ಗೇಜ್ ಹಾಕಿ ನೋಡಿ" ಎಂದು ನಾವೇ ಬಾಯಿಬಿಟ್ಟು ಹೇಳಬೇಕು.

ಒಂದು ಅಭ್ಯಾಸ

ಲೆಕ್ಕ ಬಿಡಿಸುವಂತೆ ಒಂದು ಉದಾಹರಣೆ ಮಾಡೋಣ. ಕಾರ್ಬೊರೇಟರ್ ಇರುವ 100 ಸಿ.ಸಿ. ಬೈಕು. ಬೆಳಿಗ್ಗೆ ಒಂದೇ ಕಿಕ್ಕಿಗೆ ಶುರು. ಐಡ್ಲಿಂಗ್ ಸಲೀಸು. ಸಮತಟ್ಟಿನಲ್ಲಿ ತೊಂದರೆಯಿಲ್ಲ. ಹಿಂದೆ ಗೊಬ್ಬರದ ಮೂಟೆ ಹೇರಿ ಮೂರನೆಯ ಗೇರಿನಲ್ಲಿ ಏರು ಹತ್ತುವಾಗ ಥಟ್ ಥಟ್ ಎಂದು ಜಗ್ಗುತ್ತದೆ. ಮಂಜಿನ ಬೆಳಿಗ್ಗೆ ಹೆಚ್ಚು. ಹೊಸ ಪ್ಲಗ್ ಹಾಕಿ, ಕಾರ್ಬೊರೇಟರ್ ತೊಳೆಸಿಯೂ ಆಗಿದೆ.

ಒಂದೇ ಕಿಕ್ಕಿಗೆ ಶುರುವಾಗಿ ಐಡ್ಲಿಂಗ್ ಸಲೀಸಾಗಿದೆ ಎಂದರೆ ಒತ್ತಡಕ್ಕೆ ದೊಡ್ಡ ಕೊರತೆಯಿಲ್ಲ, ಸಣ್ಣ ಜೆಟ್ಟೂ ಸರಿ. ಏರಿನಲ್ಲಿ ಮಾತ್ರ ಬರುವುದರಿಂದ ಉಳಿದುದು ಎರಡು: ದುರ್ಬಲ ಕಿಡಿ, ಇಲ್ಲವೇ ಸಾಲದ ಪೆಟ್ರೋಲ್. ಚೋಕ್ ಅರ್ಧ ಎಳೆದಾಗ ಸುಧಾರಿಸಲಿಲ್ಲ, ಬಾಟಲಿಗೆ ಬಿಟ್ಟಾಗ ಪೆಟ್ರೋಲ್ ಧಾರಾಳವಾಗಿ ಹರಿಯಿತು. ಪೆಟ್ರೋಲ್ ಕೈಬಿಟ್ಟಿತು. ಜಗ್ಗು ಥಟ್ಟನೆಯದು, ತೇವದಲ್ಲಿ ಹೆಚ್ಚು. ಆದ್ದರಿಂದ ಕಿಡಿಯ ದಾರಿಯಲ್ಲಿ ತೇವಕ್ಕೆ ತೆರೆದುಕೊಂಡ ಜಾಗ, ಅಂದರೆ ಕ್ಯಾಪ್ ಮತ್ತು ದಪ್ಪ ವೈರು. ಕತ್ತಲೆಯಲ್ಲಿ ತುಂತುರು ಹಾಕಿದಾಗ ಕ್ಯಾಪಿನ ಅಂಚಿನಲ್ಲಿ ನೀಲಿ ಮಿಣುಕು. ಬದಲಿಸಬೇಕಾದದ್ದು ಒಂದು ಕ್ಯಾಪ್. ಅದರ ಬೆಲೆ ಸಿ.ಡಿ.ಐ. ಪೆಟ್ಟಿಗೆಯ ಬೆಲೆಯ ಸಣ್ಣದೊಂದು ಪಾಲು. ಅದೇ ಬೈಕ್ ಚೋಕಿಗೆ ಸುಧಾರಿಸಿದ್ದರೆ ನಮ್ಮ ದಾರಿ ಪೂರ್ತಿ ಬೇರೆಯಾಗಿ ಮುಚ್ಚಳ, ಕಾಕ್, ಬಟ್ಟಲು, ದೊಡ್ಡ ಜೆಟ್ ಎಂದು ಸಾಗುತ್ತಿತ್ತು. ಪ್ರತಿ ಪರೀಕ್ಷೆಯೂ ಒಂದು ಗುಂಪನ್ನು ಹೊರಹಾಕಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಹೊಸ ಬೈಕುಗಳು, ಟೂ ಸ್ಟ್ರೋಕ್ ಯಂತ್ರಗಳು

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ನಂತರ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರ್ ಬದಲು ಇಂಜೆಕ್ಟರ್ ಬಂದಿದೆ. ಅವುಗಳಲ್ಲಿ ಚೋಕ್ ಪರೀಕ್ಷೆ ನಡೆಯದು. ಆದರೆ ಕಿಡಿ, ಮಿಶ್ರಣ, ಒತ್ತಡದ ಲೆಕ್ಕ ಬದಲಾಗುವುದಿಲ್ಲ. ಬ್ಯಾಟರಿ ಟರ್ಮಿನಲ್ ಸಡಿಲವಾಗಿದ್ದರೆ ಪಂಪು, ಇಂಜೆಕ್ಟರ್, ಕಿಡಿ ಮೂರೂ ಒಟ್ಟಿಗೆ ತಪ್ಪುತ್ತವೆ. ಅಲ್ಲಿಂದಲೇ ನೋಡಿ. ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತಿದ್ದರೆ ಒಳಗೆ ದೋಷದ ಸಂಕೇತ ದಾಖಲಾಗಿರುತ್ತದೆ. ಅದನ್ನು ಓದಿಸದೆ ಸಾಮಾನು ಬದಲಿಸಲು ಒಪ್ಪಬೇಡಿ. ಪಂಪು ಟ್ಯಾಂಕಿನ ತಳದಲ್ಲಿ ಪೆಟ್ರೋಲಿನಿಂದಲೇ ತಣಿಯುವಂಥದ್ದು. ಸದಾ ಖಾಲಿ ಟ್ಯಾಂಕಿನಲ್ಲಿ ಓಡಿಸುವುದು ಅದಕ್ಕೆ ಒಳ್ಳೆಯದಲ್ಲ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಜತನ ಮಾಡಿಕೊಂಡವರು ನಮ್ಮಲ್ಲಿದ್ದಾರೆ. ಅವು ಟೂ ಸ್ಟ್ರೋಕ್ ಎಂಜಿನ್ನುಗಳು. ಪಾಯಿಂಟ್ ಇರುವ ಬೈಕುಗಳಲ್ಲಿ ಪಾಯಿಂಟಿನ ಸಂದಿಯನ್ನೂ ಕಂಡೆನ್ಸರನ್ನೂ ನೋಡಬೇಕು. ಪಾಯಿಂಟಿನ ನಡುವೆ ಜೋರಾಗಿ ಕಿಡಿ ಹಾರಿ ಮುಖ ಕರಕಲಾಗುತ್ತಿದ್ದರೆ ಕಂಡೆನ್ಸರ್ ಹೋಗಿದೆ ಎನ್ನಬಹುದು. ವೀಡ್ ಕಟರ್, ಪವರ್ ಸ್ಪ್ರೇಯರುಗಳಲ್ಲಿಯೂ ಟೂ ಸ್ಟ್ರೋಕ್ ಎಂಜಿನ್ನೇ ಹೆಚ್ಚು. ಅವುಗಳಿಗೆ ಮುಖ್ಯ ಎಚ್ಚರಿಕೆ ಒಂದಿದೆ. ನೀರು ಸೇರಿ ಎಥೆನಾಲ್ ತಳಕ್ಕೆ ಇಳಿದಾಗ, ನಾವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ತಳದ ಪದರವನ್ನು ಕುಡಿದ ಎಂಜಿನ್ನಿಗೆ ಆಯಿಲ್ ಸಿಗದೆ ಪಿಸ್ಟನ್ ಹಿಡಿದುಕೊಳ್ಳಬಹುದು. ಆದ್ದರಿಂದ ಕಳೆದ ಹಂಗಾಮಿನ ಮಿಶ್ರಣವನ್ನು ಈ ಹಂಗಾಮಿಗೆ ಬಳಸಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಮಳೆಗೆ ಮುನ್ನ

ಮೇ ತಿಂಗಳು ಮುಗಿಯುವುದರೊಳಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಪ್ಲಗ್ಗಿನ ಸಂದಿ, ಕ್ಯಾಪ್, ಟ್ಯಾಂಕಿನ ವಾಷರ್, ಮುಚ್ಚಳದ ರಂಧ್ರ, ಏರ್ ಫಿಲ್ಟರ್, ಬ್ಯಾಟರಿ ಟರ್ಮಿನಲ್ ಇಷ್ಟನ್ನು ನೋಡಿ. ಬೈಕಿನ ಪೆಟ್ಟಿಗೆಯಲ್ಲಿ ಸಂದಿ ಸರಿಪಡಿಸಿದ ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಒಣಬಟ್ಟೆ, ಸಣ್ಣ ಟಾರ್ಚ್ ಇರಲಿ. ಮೈಲುತುತ್ತದ ಚೀಲವನ್ನು ಬೈಕಿನಲ್ಲಿ ತಂದ ದಿನ ವೈರಿನ ಕನೆಕ್ಟರುಗಳನ್ನು ಒರೆಸಿಡಿ. ಅದರ ನೀರು ಕಬ್ಬಿಣವನ್ನು ತಿನ್ನುತ್ತದೆ.

ಗ್ಯಾರೇಜಿಗೆ ಹೋಗಲೇಬೇಕಾದಾಗ "ಮಿಸ್ಸಿಂಗ್ ಇದೆ, ನೋಡಿ" ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ಯಾವಾಗ ಬರುತ್ತದೆ, ಹೇಗೆ ಬರುತ್ತದೆ, ಚೋಕ್ ಎಳೆದಾಗ ಏನಾಯಿತು ಎಂಬ ಮೂರು ಸಾಲನ್ನು ಬರೆದು ಕೊಡಿ. ನಮ್ಮ ಊರುಗಳ ಮೆಕ್ಯಾನಿಕ್ಕರು ಜಾಣರು. ಆದರೆ ಏರಿನಲ್ಲಿ ಮಾತ್ರ ಬರುವ ದೋಷ ಅವರ ಅಂಗಡಿಯ ಮುಂದಿನ ಸಮತಟ್ಟಿನಲ್ಲಿ ಅವರಿಗೆ ಕಾಣಿಸುವುದಿಲ್ಲ. ಅದನ್ನು ಕಂಡವರು ನಾವು. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆದು, ತಾರೀಖು ಬರೆದು ಇಟ್ಟುಕೊಳ್ಳಿ. ಅದು ಕೆಟ್ಟಿರಲಿಲ್ಲವೆಂದು ಮುಂದೆ ತಿಳಿದುಬಂದರೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಮನೆಯ ಹುಡುಗರಿಗೂ, ಬೈಕ್ ಓಡಿಸುವ ಹೆಣ್ಣುಮಕ್ಕಳಿಗೂ, ತೋಟದ ರೈಟರಿಗೂ ಮುಚ್ಚಳದ ಪರೀಕ್ಷೆ, ಚೋಕಿನ ಪರೀಕ್ಷೆ ಎರಡನ್ನಾದರೂ ಈ ಭಾನುವಾರವೇ ಮಾಡಿ ತೋರಿಸಿ. ಮಳೆಯ ರಾತ್ರಿ ದಾರಿಯಲ್ಲಿ ನಿಂತಾಗ ಬೈಕಿನ ಬಳಿ ಇರುವವರು ಅವರೇ ಆಗಿರಬಹುದು.